ಒಪ್ಪತ್ತಿನ ದಿನದ ಸಂಕಟ: ಇಂಗ್ಲೆಂಡಿನ ಸರ್ಕಾರಿ ವೈದ್ಯಸೇವೆಯಲ್ಲಿ ನಮ್ಮ ಮೂರು ವರ್ಷ

ನನ್ನ ಯಜಮಾನರ ಉದ್ಯೋಗದ ನಿಮಿತ್ತ 2021ರಿಂದ 2024ರವರೆಗೆ ನಾವು ಇಂಗ್ಲೆಂಡಿನಲ್ಲಿದ್ದೆವು. ದಾವಣಗೆರೆಯ ವಿದ್ಯಾನಗರದ ಮನೆಗೆ ಮರಳಿದ ಮೇಲೆ, ಆ ದೇಶಕ್ಕೆ ಹೊರಟು ನಿಂತ ನೆಂಟರೂ ಪರಿಚಿತರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ ಅಲ್ಲಿಯ ಚಳಿಯ ಬಗೆಗಲ್ಲ, ಆಸ್ಪತ್ರೆಯ ಬಗೆಗೆ. ಎನ್‌ಎಚ್‌ಎಸ್ ಎಂಬ ಹೆಸರಿನ, 1948ರ ಜುಲೈ 5ರಂದು ಆರಂಭವಾದ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಹೊರಗಿನಿಂದ ಬಂದ ಒಂದು ಕುಟುಂಬವಾಗಿ ನಾವು ಹೇಗೆ ಕಂಡೆವು ಎಂಬುದನ್ನು ಅವರೆಲ್ಲರಿಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಹಣದ ಮಾತು. ಅಲ್ಲಿ ಚಿಕಿತ್ಸೆ ಉಚಿತ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಉದ್ಯೋಗಕ್ಕೋ ಓದಿಗೋ ಹೋಗುವ ನಮ್ಮಂಥವರ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ವೀಸಾ ಅರ್ಜಿಯ ಜೊತೆಯಲ್ಲಿಯೇ ಆರೋಗ್ಯದ ಅಧಿಭಾರವನ್ನು, ಅಂದರೆ ಹೆಲ್ತ್ ಸರ್‌ಚಾರ್ಜ್ ಎಂಬ ಶುಲ್ಕವನ್ನು, ವೀಸಾದ ಅಷ್ಟೂ ವರ್ಷಗಳಿಗೆ ಒಟ್ಟಿಗೆ ಕಟ್ಟಬೇಕು. ನಾವು ಹೋಗುವಾಗ ಅದು ದೊಡ್ಡವರಿಗೆ ವರ್ಷಕ್ಕೆ 624 ಪೌಂಡ್, ಮಕ್ಕಳಿಗೆ 470 ಪೌಂಡ್ ಇತ್ತು. ನಾವಿಬ್ಬರು ಮತ್ತು ಮಗಳು, ಮೂರು ವರ್ಷಕ್ಕೆ 5,154 ಪೌಂಡ್, ಅಂದರೆ ಆಗಿನ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿಗೂ ಮೇಲಿನ ಹಣವನ್ನು ಒಂದು ದಿನವೂ ಕೆಮ್ಮುವ ಮೊದಲೇ ಕಟ್ಟಿದ್ದೆವು. 2024ರ ಫೆಬ್ರವರಿ 6ರಿಂದ ಈ ದರ ದೊಡ್ಡವರಿಗೆ 1,035 ಪೌಂಡ್, ವಿದ್ಯಾರ್ಥಿಗಳಿಗೂ ಹದಿನೆಂಟರೊಳಗಿನವರಿಗೂ 776 ಪೌಂಡ್ ಆಗಿದೆ. ಆಸ್ಪತ್ರೆ ಮತ್ತು ಆರೈಕೆಯ ಕೆಲಸದ ವೀಸಾದಲ್ಲಿ ಹೋಗುವವರಿಗೆ ಇದರಿಂದ ವಿನಾಯಿತಿ ಇರುವುದರಿಂದ, ನಮ್ಮ ಊರಿನಿಂದ ನರ್ಸ್ ಆಗಿ ಹೋಗುವ ಹೆಣ್ಣುಮಕ್ಕಳು ಈ ಲೆಕ್ಕಕ್ಕೆ ಹೆದರಬೇಕಾಗಿಲ್ಲ.

ದಾವಣಗೆರೆಯಲ್ಲಿ ಬೆಳೆದವರಿಗೆ ವೈದ್ಯರ ಬಳಿ ಹೋಗುವುದು ಕಷ್ಟದ ಕೆಲಸವೇ ಅಲ್ಲ. ಸಂಜೆ ಆರಕ್ಕೆ ಪಿ.ಜೆ. ಬಡಾವಣೆಯಲ್ಲಿ ನಮಗೆ ನಂಬಿಕೆಯಿರುವ ವೈದ್ಯರಲ್ಲಿ ಹೆಸರು ಬರೆಸಿ, ಟೋಕನ್ ಹಿಡಿದು ಕುಳಿತು, ರಕ್ತ ಪರೀಕ್ಷೆ ಬರೆದುಕೊಟ್ಟರೆ ಪಕ್ಕದ ಲ್ಯಾಬಿನಲ್ಲಿ ಕೊಟ್ಟು, ರಾತ್ರಿ ಊಟದ ಹೊತ್ತಿಗೆ ವರದಿಯನ್ನೂ ಮಾತ್ರೆಯನ್ನೂ ಹಿಡಿದು ಮನೆ ಸೇರುತ್ತೇವೆ. ಹರಿಹರ, ಜಗಳೂರು, ಚನ್ನಗಿರಿ, ಹರಪನಹಳ್ಳಿಗಳಿಂದ ಬಸ್ಸು ಹತ್ತಿ ಬರುವವರೂ ಅದೇ ದಿನ ಹಿಂದಿರುಗುತ್ತಾರೆ. ಯಾವ ತಜ್ಞರನ್ನು ಕಾಣಬೇಕೆಂಬುದನ್ನು ನಾವೇ ನಿರ್ಧರಿಸುತ್ತೇವೆ. ಅಲ್ಲಿ ಈ ನಿರ್ಧಾರ ರೋಗಿಯ ಕೈಯಲ್ಲಿಲ್ಲ. ಮನೆಯ ಸಮೀಪದ ಒಂದು ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿಯ ಸಾಮಾನ್ಯ ವೈದ್ಯರು, ಅವರನ್ನು ಜಿ.ಪಿ. ಎನ್ನುತ್ತಾರೆ, ಬರೆದುಕೊಟ್ಟರೆ ಮಾತ್ರ ತಜ್ಞರ ದರ್ಶನ.

ನೋಂದಣಿಯಲ್ಲಿಯೇ ನಾವು ಎಡವಿದೆವು. ಕರೆಂಟ್ ಬಿಲ್ಲು ಯಜಮಾನರ ಹೆಸರಿನಲ್ಲಿದೆ, ನಿಮ್ಮ ಹೆಸರಿನ ವಿಳಾಸದ ಪುರಾವೆ ತನ್ನಿ ಎಂದು ನಮ್ಮ ಬಡಾವಣೆಯ ಕ್ಲಿನಿಕ್ಕಿನವರು ನನ್ನನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ನೋಂದಣಿಗೆ ಗುರುತಿನ ಚೀಟಿಯಾಗಲಿ ವಿಳಾಸದ ಪುರಾವೆಯಾಗಲಿ ಕಡ್ಡಾಯವಲ್ಲ ಎಂಬ ನಿಯಮ ಇಂಗ್ಲೆಂಡಿನಲ್ಲಿ ಇದೆಯೆಂಬುದು ನನಗೆ ತಿಳಿದದ್ದು ಆಮೇಲೆ. ಹೋಗುವವರು ಅದನ್ನು ಮೊದಲೇ ತಿಳಿದುಕೊಂಡು, ವಿನಯದಿಂದಲೇ ಆದರೂ ಬಿಡದೆ ಹೇಳಬೇಕು. ಅಲ್ಲಿಗೆ ಹೋಗಿ ಸೇರಿದ ವಾರದಲ್ಲಿಯೇ ನೋಂದಾಯಿಸಬೇಕು; ಜ್ವರ ಬಂದ ಮೇಲೆ ಅಲ್ಲ.

ಆ ಬಾಗಿಲು ದಾಟಿದ ಮೇಲೆ ಇನ್ನೊಂದು ಬಾಗಿಲು ಬೆಳಗಿನ ಎಂಟು ಗಂಟೆಯದು. ಎಂಟಕ್ಕೆ ಸರಿಯಾಗಿ ಫೋನು ಮಾಡಿದರೂ ಸಾಲಿನಲ್ಲಿ ನಾವು ಇಪ್ಪತ್ತರ ಆಚೆ ಇರುತ್ತಿದ್ದೆವು, ಸರದಿ ಬರುವ ಹೊತ್ತಿಗೆ ಆ ದಿನದ ಭೇಟಿಗಳು ಮುಗಿದಿರುತ್ತಿದ್ದವು. ಮಗಳ ಕಿವಿನೋವಿಗೆ ಹೀಗೆ ಎರಡು ಬೆಳಗು ಕಾದು ಒಳಗೆ ಹೋದಾಗ, ವೈದ್ಯರು ಕಿವಿಯನ್ನು ದೀಪ ಹಾಕಿ ನಿಧಾನವಾಗಿ ನೋಡಿ, ಪ್ಯಾರಾಸಿಟಮಾಲ್ ಸಾಕು, ಹೆಚ್ಚಿನ ಮಕ್ಕಳಿಗೆ ಮೂರು ದಿನದಲ್ಲಿ ತಾನಾಗಿ ಕಡಿಮೆಯಾಗುತ್ತದೆ ಎಂದರು. ಆ್ಯಂಟಿಬಯಾಟಿಕ್ ಬರೆಯಲಿಲ್ಲವೆಂದು ನಾನು ಆ ದಿನ ಅಳುಮುಖ ಮಾಡಿಕೊಂಡು ಬಂದೆ. ಮೂರನೆಯ ದಿನ ನೋವು ಇಳಿಯಿತು. ಇಂದು ಆ ವೈದ್ಯರ ಸಂಯಮಕ್ಕೆ ನನ್ನ ಗೌರವವಿದೆ. 2024ರ ಜನವರಿ 31ರಿಂದ ಕಿವಿನೋವು, ಗಂಟಲುನೋವು, ಸರ್ಪಸುತ್ತು, ಹೆಂಗಸರ ಮೂತ್ರದ ಸೋಂಕು ಮುಂತಾದ ಏಳು ತೊಂದರೆಗಳಿಗೆ ಔಷಧಿ ಅಂಗಡಿಯ ಫಾರ್ಮಸಿಸ್ಟರೇ ಪರೀಕ್ಷಿಸಿ, ವಯಸ್ಸು ಮತ್ತು ಲಕ್ಷಣಗಳು ಹೊಂದಿದರೆ ಔಷಧಿ ಕೊಡುವ ಏರ್ಪಾಡು ಇಂಗ್ಲೆಂಡಿನಲ್ಲಿ ಬಂದಿದೆ. ಅದೊಂದು ನಿಜವಾದ ಉಪಕಾರ.

ಈಗ ನಮ್ಮ ತಾಯಿಯ ವಿಚಾರಕ್ಕೆ ಬರುತ್ತೇನೆ. ಈ ಬರಹಕ್ಕೆ ಕಾರಣವೇ ಅದು.

2023ರಲ್ಲಿ ಅಮ್ಮ ನಮ್ಮಲ್ಲಿಗೆ ಬಂದಿದ್ದರು. ಅವರಿಗೆ ಹಲವು ವರ್ಷದಿಂದ ಸಕ್ಕರೆ ಕಾಯಿಲೆ. ಶ್ರಾವಣದ ಒಂದು ಸೋಮವಾರ ರಾತ್ರಿ ಹತ್ತರ ಸುಮಾರಿಗೆ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ‘ಸಂಕಟ ಆಗ್ತೈತೆ’ ಎಂದು ಸೋಫಾದ ಮೇಲೆ ಒರಗಿಬಿಟ್ಟರು. ನಾನು ಬಿಸಿಹಾಲಿಗೆ ಸಕ್ಕರೆ ಹಾಕಿ ಕುಡಿಸಿದೆ. ಯಜಮಾನರು ಎನ್‌ಎಚ್‌ಎಸ್‌ನ ವೈದ್ಯಕೀಯ ಸಲಹೆಯ ಸಂಖ್ಯೆಯಾದ 111ಕ್ಕೆ ಫೋನು ಮಾಡಿದರು. ಆ ಕಡೆಯಿಂದ ಕೇಳಿದ ಪ್ರಶ್ನೆಗಳಿಗೆಲ್ಲ ಅವರು ಎದೆನೋವು ಎಂದೇ ಉತ್ತರಿಸಿದರು. ಸಂಕಟ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಯಾವ ಪದ ಆ ಗಳಿಗೆಯಲ್ಲಿ ನಮಗೂ ಹೊಳೆಯಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದ ಕೂಡಲೇ ಇಸಿಜಿ ಆಯಿತು, ರಕ್ತ ತೆಗೆದುಕೊಂಡರು, ಬೆರಳಿನಿಂದ ಸಕ್ಕರೆಯನ್ನೂ ನೋಡಿದರು. ಹಾಲು ಕುಡಿದು ಬಂದಿದ್ದರಿಂದ ಸಕ್ಕರೆ ಸರಿಯಾಗಿಯೇ ಇತ್ತು. ಆಮೇಲೆ ಕಾಯುವ ಸರದಿ. ಬೆಳಗಿನ ಜಾವದವರೆಗೆ, ಸುಮಾರು ಏಳು ತಾಸು, ಗಟ್ಟಿ ಕುರ್ಚಿಗಳ ಮೇಲೆ ಕುಳಿತಿದ್ದೆವು. ನಾಲ್ಕು ತಾಸಿನೊಳಗೆ ನೋಡಿ ಮುಗಿಸಬೇಕೆಂಬ ಗುರಿ ಅಲ್ಲಿ ಇದೆ, ಆದರೆ ಆ ರಾತ್ರಿ ಯಾರಿಗೂ ಅದು ದಕ್ಕಿದ್ದನ್ನು ನಾನು ಕಾಣಲಿಲ್ಲ. ವಯಸ್ಸಾದವರನ್ನು ಹಾಗೆ ಕೂರಿಸಬಾರದಿತ್ತು ಎಂಬ ನನ್ನ ನೋವು ಇನ್ನೂ ಹೋಗಿಲ್ಲ. ಹೃದಯಕ್ಕೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಟ್ರೋಪೊನಿನ್ ಎಂಬ ರಕ್ತ ಪರೀಕ್ಷೆಯನ್ನು ಕೆಲವು ತಾಸುಗಳ ಅಂತರದಲ್ಲಿ ಎರಡನೆಯ ಸಲ ಮಾಡಬೇಕಾಗುತ್ತದೆ ಎಂದು ಮೊದಲೇ ಒಬ್ಬರು ಬಂದು ಹೇಳಿದ್ದರೆ, ಅರ್ಧ ರಾತ್ರಿಯ ದಿಗಿಲಾದರೂ ತಪ್ಪುತ್ತಿತ್ತು.

ಎರಡೂ ಪರೀಕ್ಷೆ ಸರಿಯಿದ್ದವು. ಹಾಗಾದರೆ ಆದದ್ದೇನು ಎಂಬುದು ಉಳಿಯಿತು. ಆಗ ಬಂದ ತರುಣ ವೈದ್ಯೆ, ನಾನು ಅಮ್ಮನ ಪರವಾಗಿ ಮಾತನಾಡತೊಡಗಿದಾಗ ಮೃದುವಾಗಿ ತಡೆದು, ಮನೆಯವರ ಮೂಲಕ ಕೇಳುವುದಕ್ಕಿಂತ ದುಭಾಷಿಯನ್ನು ಕರೆಯುವುದು ಒಳ್ಳೆಯದು, ಅದಕ್ಕೆ ನೀವು ಏನೂ ಕೊಡಬೇಕಾಗಿಲ್ಲ ಎಂದರು. ಯಾವ ಭಾಷೆ, ಹಿಂದಿಯೇ ಎಂದು ಕೇಳಿದರು. ಕನ್ನಡ ಎಂದೆ, ಸಿಗಲಾರದೆಂದುಕೊಂಡೇ. ಹತ್ತು ನಿಮಿಷದಲ್ಲಿ ಮೇಜಿನ ಮೇಲಿನ ಫೋನಿನ ಸ್ಪೀಕರಿನಿಂದ ‘ನಮಸ್ಕಾರ ಅಮ್ಮ, ನಿಮಗೆ ಏನಾಯಿತು, ಬೆಳಗಿನಿಂದ ಹೇಳಿ’ ಎಂಬ ಮಂಗಳೂರು ಕಡೆಯ ಕನ್ನಡ ಕೇಳಿಸಿತು.

ಅಮ್ಮ ನೆಟ್ಟಗೆ ಕುಳಿತರು. ‘ಜೀವಾನೇ ಹಾರಿ ಹೋದಂಗಾತು ಕಣಪ್ಪ. ಕೈಕಾಲು ಥರಥರ ನಡುಗಿದ್ವು, ಮೈಯೆಲ್ಲ ಬೆವತುಬಿಡ್ತು, ಕಣ್ಣಿಗೆ ಕತ್ತಲೆ ಬಂತು. ಸೋಮವಾರ ನೋಡು, ಒಪ್ಪತ್ತಿದ್ದೆ. ಮಾತ್ರೆ ಮಾತ್ರ ತಪ್ಪಿಸಿರ್ಲಿಲ್ಲ.’ ನೋವಿತ್ತೇ ಎಂದು ಆ ಧ್ವನಿ ಕೇಳಿತು. ‘ನೋವೆಲ್ಲಿಂದ? ಸಂಕಟ’ ಎಂದರು ಅಮ್ಮ. ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತಿನ ಊಟ ಎಂದು ದುಭಾಷಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದಂತೆ ವೈದ್ಯೆಯ ಮುಖದಲ್ಲಿ ಎಲ್ಲವೂ ತಿಳಿಯಾದದ್ದನ್ನು ನಾನು ಕಂಡೆ. ನನ್ನ ಕೈಚೀಲದಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಕೇಳಿದರು. ಊರಿನ ಅಂಗಡಿಯಲ್ಲಿ ಕತ್ತರಿಯಿಂದ ಕತ್ತರಿಸಿ ಕೊಟ್ಟ ಪಟ್ಟಿ ಅದು. ಬ್ರ್ಯಾಂಡಿನ ಹೆಸರು ಅರ್ಧಕ್ಕೆ ತುಂಡಾಗಿತ್ತು, ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಗ್ಲಿಮೆಪಿರೈಡ್ ಎಂಬ ಪದ ಮಾತ್ರ ಪುಣ್ಯಕ್ಕೆ ಉಳಿದಿತ್ತು. ಊಟ ಮಾಡದೆ ಆ ಮಾತ್ರೆ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿಯಬಹುದು. ನಾನು ಕುಡಿಸಿದ ಸಿಹಿಹಾಲು ಅಮ್ಮನನ್ನು ಉಳಿಸಿತ್ತು, ಅದೇ ಹಾಲು ಕಾಯಿಲೆಯ ಗುರುತನ್ನೂ ಅಳಿಸಿತ್ತು.

ಹೆತ್ತ ಮಗಳಾದ ನಾನೂ ಯಜಮಾನರೂ ಸೇರಿ ಮಾಡಿದ ಅನುವಾದ ಏಳು ತಾಸು ವೈದ್ಯರನ್ನು ಬೇರೆ ದಾರಿಯಲ್ಲಿ ನಡೆಸಿತ್ತು. ಅಲ್ಲಿಯ ವೈದ್ಯರು ನಾಡಿ ಹಿಡಿದು ತಾವೇ ಕಂಡುಕೊಳ್ಳಲಿ ಎಂದು ಸುಮ್ಮನೆ ಕುಳಿತರೆ ಏನೂ ಆಗುವುದಿಲ್ಲ. ಫೋನಿನಲ್ಲಿ ಕೇಳುವವರಿಂದ ಹಿಡಿದು ತಜ್ಞರವರೆಗೆ ಎಲ್ಲರೂ ನಾವು ಆಡುವ ಮಾತಿನ ಮೇಲೆಯೇ ನಮ್ಮ ಸರದಿಯನ್ನೂ ದಾರಿಯನ್ನೂ ನಿರ್ಧರಿಸುತ್ತಾರೆ. ಸಂಕಟ, ತೊಳಸು, ಸೆಳೆತ, ಜೋಮು ಇವೆಲ್ಲ ಬೇರೆಬೇರೆ ಎಂದು ದಾವಣಗೆರೆಯ ವೈದ್ಯರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ನಾವೆಲ್ಲರೂ ಅವನ್ನು ನೋವು ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಆ ಸೇವೆಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸೌಲಭ್ಯ ಯಾವುದೆಂದು ಕೇಳಿದರೆ ಯಂತ್ರಗಳನ್ನಲ್ಲ, ಈ ಉಚಿತ ದುಭಾಷಿಯನ್ನೇ ಹೇಳುತ್ತೇನೆ. ಕ್ಲಿನಿಕ್ಕಿನ ಭೇಟಿಗೂ ಅದು ಸಿಗುತ್ತದೆ, ಸಮಯ ನಿಗದಿ ಮಾಡುವಾಗಲೇ ಕೇಳಬೇಕು. ನಾವು ಎರಡು ವರ್ಷ ಕೇಳಲೇ ಇಲ್ಲ.

ಆ ರಾತ್ರಿಗೆ ನಮಗೆ ಬಿಲ್ಲು ಬರಲಿಲ್ಲ, ಏಕೆಂದರೆ ತುರ್ತು ವಿಭಾಗದ ಚಿಕಿತ್ಸೆಗೆ ಪ್ರವಾಸಿಗರಿಗೂ ಶುಲ್ಕವಿಲ್ಲ. ಆದರೆ ಅಮ್ಮನನ್ನು ವಾರ್ಡಿಗೆ ದಾಖಲಿಸಿಕೊಂಡಿದ್ದರೆ, ಭೇಟಿಗೆ ಬಂದವರಾದ್ದರಿಂದ, ನಿಗದಿತ ದರದ ಒಂದೂವರೆ ಪಟ್ಟು ಕಟ್ಟಬೇಕಾಗುತ್ತಿತ್ತು. ಹೊರಡುವ ಮುನ್ನ ಊರಿನ ಏಜೆಂಟರೊಬ್ಬರ ಮೂಲಕ ಮಾಡಿಸಿದ್ದ ಪ್ರವಾಸ ವಿಮೆಯನ್ನು ಮರುದಿನ ತೆರೆದು ಓದಿದಾಗ, ಮೊದಲೇ ಇರುವ ಕಾಯಿಲೆಗಳಿಗೆ ಅದು ಅನ್ವಯಿಸುವುದಿಲ್ಲ ಎಂಬ ಸಾಲು ಕಂಡಿತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅವರಿಗೆ ಹೇಳಿಯೇ ಮಾಡಿಸಿದ್ದೆವು. ತಂದೆತಾಯಿಯನ್ನು ಕಳಿಸುವವರು ಆ ಒಂದು ಸಾಲನ್ನು ಹಣ ಕಟ್ಟುವ ಮೊದಲು ಹುಡುಕಿ ಓದಬೇಕೆಂದು ಕೈಮುಗಿದು ಕೇಳುತ್ತೇನೆ.

ನನ್ನದೇ ಒಂದು ನಷ್ಟವನ್ನೂ ಹೇಳಬೇಕು. ನನಗೆ ಥೈರಾಯ್ಡ್ ಕೊರತೆಯಿದ್ದು ದಿನವೂ ಮಾತ್ರೆ ಬೇಕು. ಇಂಗ್ಲೆಂಡಿನಲ್ಲಿ ಬರೆದುಕೊಟ್ಟ ಪ್ರತಿ ಔಷಧಿಗೆ ಆಗ 9.35 ಪೌಂಡ್ ಶುಲ್ಕ, 2024ರ ಮೇ ತಿಂಗಳಿನಿಂದ 9.90, ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದೂ ಇಲ್ಲ. ಒಂದು ವರ್ಷ ಕಟ್ಟಿದ ಮೇಲೆ, ಔಷಧಿ ಅಂಗಡಿಯ ಗುಜರಾತಿ ಹೆಂಗಸೊಬ್ಬರು ನನ್ನ ಚೀಟಿಯನ್ನು ನೋಡಿ, ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗುವವರಿಗೆ ವಿನಾಯಿತಿ ಪತ್ರ ಸಿಗುತ್ತದಲ್ಲ, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಎಫ್‌ಪಿ92ಎ ಎಂಬ ನಮೂನೆಗೆ ವೈದ್ಯರ ಸಹಿ ಮಾಡಿಸಿ ಕಳಿಸಿದರೆ ಐದು ವರ್ಷ ಎಲ್ಲ ಔಷಧಿಯೂ ಉಚಿತ, ಥೈರಾಯ್ಡಿನದು ಮಾತ್ರವಲ್ಲ. ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೂ ಇದು ಅನ್ವಯಿಸುತ್ತದೆ, ಗರ್ಭಿಣಿಯರಿಗೆ ಪ್ರತ್ಯೇಕ ಪತ್ರವಿದೆ. ಹಿಂದೆ ಕಟ್ಟಿದ ಹಣ ಮರಳಿ ಬರಬೇಕಾದರೆ ಕಟ್ಟುವಾಗಲೇ ಎಫ್‌ಪಿ57 ಎಂಬ ರಸೀದಿ ಕೇಳಿ ಪಡೆದಿರಬೇಕು. ನನ್ನಲ್ಲಿ ಅದಿರಲಿಲ್ಲ.

ತಜ್ಞರಿಗಾಗಿ ಕಾಯುವ ವಿಷಯದಲ್ಲಿ ಮಾತ್ರ ನಾನು ದಾವಣಗೆರೆಯ ಪಕ್ಷ. ಹದಿನೆಂಟು ವಾರದೊಳಗೆ ಚಿಕಿತ್ಸೆ ಎಂಬುದು ಅಲ್ಲಿಯ ಗುರಿ. 2023ರ ಸೆಪ್ಟೆಂಬರಿನಲ್ಲಿ ಕಾಯುವ ಪಟ್ಟಿ 77 ಲಕ್ಷವನ್ನು ದಾಟಿತ್ತು. ಮೂಗಿನ ಮೂಳೆ ಓರೆಯಾಗಿ ಉಸಿರಾಟದ ತೊಂದರೆಯಿದ್ದ ನನ್ನ ಯಜಮಾನರು ಹನ್ನೊಂದು ತಿಂಗಳು ಕಾದು, ರಜೆಗೆ ಊರಿಗೆ ಬಂದಾಗ ಇಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋದರು. ಹಲ್ಲಿನ ಕತೆಯೂ ಅಷ್ಟೆ. ಅದಕ್ಕೆ ಪ್ರತ್ಯೇಕ ಶುಲ್ಕ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಸರ್ಕಾರಿ ದಂತವೈದ್ಯರು ನಮಗೆ ಸಿಗಲೇ ಇಲ್ಲ. ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಹೀಗೆ ಎರಡೆರಡು ದಂತ ವೈದ್ಯಕೀಯ ಕಾಲೇಜುಗಳಿರುವ ಊರಿನಿಂದ ಹೋಗುವವರು ಹುಳುಕು ಹಲ್ಲನ್ನು ಸರಿಮಾಡಿಸದೆ ವಿಮಾನ ಹತ್ತಬಾರದು.

ಕಟ್ಟಿದ ಹಣಕ್ಕೆ ತಕ್ಕುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು. ದೀರ್ಘಕಾಲದ ಕಾಯಿಲೆಯಿರುವವರಿಗೂ ಬಸಿರಿ ಬಾಣಂತಿಯರಿಗೂ ಖಂಡಿತ ಹೌದು.

ತಮ್ಮ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ, ಈ ಸಲ ಅಮ್ಮ ಅವನಲ್ಲಿಗೆ ಹೊರಟಿದ್ದಾರೆ. ಇಲ್ಲಿಯ ವೈದ್ಯರು ಆ ಮಾತ್ರೆಯನ್ನು ಬದಲಿಸಿ, ಬ್ರ್ಯಾಂಡಿನ ಬದಲು ಔಷಧಿಯ ಮೂಲ ಹೆಸರುಗಳನ್ನೇ ಬರೆದ ಪತ್ರ ಕೊಟ್ಟಿದ್ದಾರೆ. ಜವಳಿ ಅಂಗಡಿಯ ಹಳೆಯ ಚೀಲದಲ್ಲಿ ತುಂಬಿಟ್ಟಿದ್ದ ಹತ್ತು ವರ್ಷದ ವರದಿಗಳಿಂದ ಮುಖ್ಯವಾದ ನಾಲ್ಕನ್ನು ಆರಿಸಿ ಅದರ ಜೊತೆಗೆ ಪಿನ್ ಮಾಡಿದ್ದೇನೆ. ಶ್ರಾವಣದ ಒಪ್ಪತ್ತನ್ನು ಬಿಡಲು ಅವರು ಒಪ್ಪಿಲ್ಲ. ಆ ದಿನಗಳಲ್ಲಿ ಮಾತ್ರೆ ಹೇಗೆಂದು ವೈದ್ಯರನ್ನು ಕೇಳಿ ಬರೆಸಿಕೊಂಡಿದ್ದಾರೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿ ಯಾರು ಏನು ಕೇಳಿದರೂ ಮೊದಲು ಹೇಳಬೇಕಾದ ಒಂದು ಇಂಗ್ಲಿಷ್ ವಾಕ್ಯವನ್ನು ಕಲಿತಿದ್ದಾರೆ: ‘ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್.’