ಹೋಮ್ ಅಲೋನ್ ಒಂದು, ಎರಡು ಬೆನ್ನುಬೆನ್ನಿಗೆ ಬೇಡ. ಮೂರನೆಯದೂ ಅದರಾಚೆಯವೂ ಬೇಡವೇ ಬೇಡ

ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಮ್ ಅಲೋನ್ (ಮನೆಯವರಿಂದ ತಪ್ಪಿ ಒಂಟಿಯಾದ ಹುಡುಗ ಕಳ್ಳರಿಗೆ ಬಲೆ ಹೂಡುವ ಹಾಲಿವುಡ್ ಹಾಸ್ಯಚಿತ್ರ) ಹಾಕುವ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಮೊದಲನೆಯದು ಮುಗಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ, ಅದೇ ಹುಮ್ಮಸ್ಸಿನಲ್ಲಿ ಎರಡನೆಯದನ್ನೂ ಹಚ್ಚಿಬಿಡುತ್ತಾರೆ. ಮೊದಲ ಚಿತ್ರ 103 ನಿಮಿಷ, ಎರಡನೆಯದು 120. ಅದರ ಅರ್ಧ ದಾಟುವ ಹೊತ್ತಿಗೆ ‘ಇದನ್ನ ಆಗಲೇ ನೋಡಿದ್ವಲ್ಲ’ ಎಂಬ ರಾಗ ಶುರು, ಕೊನೆಯ ಹೊಡೆದಾಟದ ಹೊತ್ತಿಗೆ ಸಣ್ಣವರು ಮುಖ ಮುಚ್ಚಿಕೊಳ್ಳುತ್ತಾರೆ. ಮಕ್ಕಳದ್ದೇನೂ ತಪ್ಪಿಲ್ಲ, ಅವರು ಸರಿಯಾಗಿಯೇ ನೋಡಿದ್ದಾರೆ.

ಬೇರೆ ಯಾರೋ ಬಂದು ಕೆಡಿಸಿದರು ಎನ್ನುವ ಹಾಗೂ ಇಲ್ಲ. 1990ರ ಚಿತ್ರ ಬರೆದ ಜಾನ್ ಹ್ಯೂಸ್, ನಿರ್ದೇಶಿಸಿದ ಕ್ರಿಸ್ ಕೊಲಂಬಸ್ ಇಬ್ಬರೂ 1992ರ ಎರಡನೇ ಭಾಗದಲ್ಲಿದ್ದಾರೆ. ಹುಡುಗ ಕೆವಿನ್ ಆಗಿ ಅದೇ ಮೆಕಾಲೆ ಕಲ್ಕಿನ್, ಕಳ್ಳರಾದ ಹ್ಯಾರಿ, ಮಾರ್ವ್ ಆಗಿ ಅದೇ ಜೋ ಪೆಷಿ ಮತ್ತು ಡೇನಿಯಲ್ ಸ್ಟರ್ನ್. ಕಥೆ ಮಾತ್ರ ಮಕ್ಕೀಕಾಮಕ್ಕಿ. ಅಲ್ಲಿ ಕರೆಂಟು ಹೋಗಿ ಅಲಾರಂ ಕೈಕೊಡುತ್ತದೆ, ಇಲ್ಲಿ ಅಪ್ಪ ಕ್ಯಾಮೆರಾ ಚಾರ್ಜಿಗೆ ಹಾಕಲು ಹೋಗಿ ಗಡಿಯಾರದ ಪ್ಲಗ್ ಕೀಳುತ್ತಾನೆ. ಎರಡರಲ್ಲೂ ಇಡೀ ಸಂಸಾರ ವಿಮಾನ ನಿಲ್ದಾಣದಲ್ಲಿ ಎದ್ದುಬಿದ್ದು ಓಡುತ್ತದೆ. ಅಲ್ಲಿ ಕೆವಿನ್ ಮನೆಯಲ್ಲೇ ಉಳಿದುಬಿಡುತ್ತಾನೆ, ಇಲ್ಲಿ ತಪ್ಪು ವಿಮಾನ ಹತ್ತಿ ನ್ಯೂಯಾರ್ಕ್ ಸೇರುತ್ತಾನೆ. ಅಲ್ಲಿ ಹೆದರಿಸುವ ಪಕ್ಕದ ಮನೆ ಅಜ್ಜ, ಇಲ್ಲಿ ಹೆದರಿಸುವ ಪಾರಿವಾಳದ ಹೆಂಗಸು. ಇಬ್ಬರೂ ಒಳ್ಳೆಯವರೆಂದು ಹೊತ್ತಾದ ಮೇಲೆ ತಿಳಿಯುತ್ತದೆ, ಇಬ್ಬರೂ ಕೊನೇ ಗಳಿಗೆಯಲ್ಲಿ ಬಂದು ಕೆವಿನ್‌ನನ್ನು ಬಿಡಿಸುತ್ತಾರೆ. ಟಿವಿಯಲ್ಲಿ ಬರುವ ಕಪ್ಪು ಬಿಳುಪು ಗ್ಯಾಂಗ್‌ಸ್ಟರ್ ಸಿನಿಮಾದ ಮಾತು ಕೇಳಿಸಿ ಜನರನ್ನು ಓಡಿಸುವ ತಮಾಷೆಗೂ ಎರಡನೇ ಕಂತು ಬಂದಿದೆ. ನಿನ್ನೆಯ ಸಾರು ಕೆಟ್ಟಿರುವುದಿಲ್ಲ, ನಿಜ. ಬಿಸಿ ಸಾರು ಉಂಡ ಬಾಯಿಗೆ ಹತ್ತುವುದಿಲ್ಲ, ಅಷ್ಟೆ.

ಪುನರಾವರ್ತನೆಯನ್ನಾದರೂ ಸಹಿಸಬಹುದು. ನಿಜವಾಗಿ ಕೆಟ್ಟಿರುವುದು ಹೊಡೆತಗಳ ಲೆಕ್ಕ.

ಮೊದಲ ಚಿತ್ರದಲ್ಲಿ ಒಂದು ಪೆಟ್ಟು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಮಾರ್ವ್ ನೆಲಮಾಳಿಗೆಯ ಮೆಟ್ಟಿಲು ಹತ್ತುವಾಗ ಅಲ್ಲಿ ಬಳಿದಿದ್ದ ಟಾರು ಅವನ ಶೂ, ಸಾಕ್ಸ್ ಎರಡನ್ನೂ ಕಿತ್ತುಕೊಳ್ಳುತ್ತದೆ. ಬರಿಗಾಲಾದ್ದರಿಂದ ಮೊಳೆ ಚುಚ್ಚುತ್ತದೆ. ಮೊಳೆ ಚುಚ್ಚಿ ಆ ದಾರಿ ಬಿಟ್ಟು ಕಿಟಕಿಗೆ ಬಂದರೆ, ಕೆಳಗೆ ಕ್ರಿಸ್‌ಮಸ್ ಗಿಡದ ಗಾಜಿನ ಗುಂಡುಗಳು. ಟಾರು ಇಲ್ಲದಿದ್ದರೆ ಮುಂದಿನ ಎರಡೂ ಇಲ್ಲ. ಸಾಮಾನುಗಳೂ ಆ ಮನೆಯವೇ, ಇಸ್ತ್ರಿಪೆಟ್ಟಿಗೆ, ಪೇಂಟಿನ ಡಬ್ಬ, ಆಟದ ಕಾರು. ಅಣ್ಣ ಬಜ್ ಸಾಕಿದ ದೊಡ್ಡ ಜೇಡ ಮೊದಲೇ ತಪ್ಪಿಸಿಕೊಂಡು ಮನೆಯೊಳಗೆ ಓಡಾಡಿಕೊಂಡಿರುತ್ತದೆ, ಬೇಕಾದ ಗಳಿಗೆಯಲ್ಲಿ ಮಾರ್ವ್ ಮುಖದ ಮೇಲೆ ಕೂರುತ್ತದೆ. ನಗು ಬರುವುದು ಏಟಿಗಲ್ಲ, ‘ಓ, ಇದಕ್ಕಾ ಅದು’ ಎಂದು ಹೊಳೆಯುವುದಕ್ಕೆ.

ಎರಡನೆಯದರಲ್ಲಿ ಕೆವಿನ್ ಮಾಳಿಗೆಯ ಮೇಲಿಂದ ಇಟ್ಟಿಗೆ ಎಸೆಯುತ್ತಾನೆ. ಮಾರ್ವ್ ತಲೆಗೆ ಒಂದು. ಆಮೇಲೆ ಇನ್ನೊಂದು, ಮತ್ತೊಂದು, ಒಟ್ಟು ನಾಲ್ಕು. ನಾಲ್ಕೂ ಅದೇ ಏಟು. ರಿಪೇರಿಗೆ ಬಿಚ್ಚಿಟ್ಟ ಚಿಕ್ಕಪ್ಪನ ಮನೆಯಾದ್ದರಿಂದ ಸಿಗುವುದೆಲ್ಲ ಗಾರೆಯವರ, ಬಡಗಿಗಳ ಸಾಮಾನು: ಸ್ಟೇಪಲ್ ಗನ್, ಕಬ್ಬಿಣದ ಪೈಪು, ವೆಲ್ಡಿಂಗ್ ಮೆಶಿನ್. ನಲ್ಲಿ ಹಿಡಿದವನಿಗೆ ವೆಲ್ಡಿಂಗ್ ಕರೆಂಟು ಹರಿದು ಎಲುಬಿನ ಗೂಡು ಕಾಣಿಸುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಹಗ್ಗ ಹಿಡಿದು ಕಳ್ಳರು ಇಳಿಯುತ್ತಿರುವಾಗ ಕೆವಿನ್ ಅದಕ್ಕೆ ಬೆಂಕಿ ಇಡುತ್ತಾನೆ. ಮೊದಲನೆಯದರಲ್ಲೂ ಬೆಂಕಿ ಉಂಟು, ಹ್ಯಾರಿಯ ತಲೆ ಸುಡುತ್ತದೆ. ಆದರೆ ಅದೊಂದು ಗಳಿಗೆಯ ಮಾತು.

ಇನ್ನೂ ದೊಡ್ಡ ಎಡವಟ್ಟು ಕಾರಣದ್ದು. ಮೊದಲನೆಯದರಲ್ಲಿ ಶಿಕಾಗೋ ಹೊರವಲಯದ ಆ ಮನೆಗೆ ಕಳ್ಳರು ರಾತ್ರಿ ಒಂಬತ್ತಕ್ಕೆ ಬರುತ್ತಾರೆಂದು ಹುಡುಗನಿಗೆ ಗೊತ್ತಾಗುತ್ತದೆ. ಒಳಗೆ ಅವನೊಬ್ಬನೇ, ಕಾಯಬೇಕಾದ್ದು ತನ್ನ ಮನೆ. ನ್ಯೂಯಾರ್ಕಿನಲ್ಲಿ ಹಾಗಲ್ಲ. ಆಟಿಕೆ ಅಂಗಡಿ ದೋಚುವಾಗ ಕೆವಿನ್ ಕಳ್ಳರ ಫೋಟೋ ತೆಗೆಯುತ್ತಾನೆ, ಗಾಜಿಗೆ ಇಟ್ಟಿಗೆ ಹೊಡೆದು ಅಲಾರಂ ಕೂಗಿಸುತ್ತಾನೆ. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಅವನು ಮಾತ್ರ ಕಳ್ಳರನ್ನು ಬೆನ್ನಿಗೆ ಹಾಕಿಕೊಂಡು ಖಾಲಿ ಮನೆಗೆ ಎಳೆದು ತರುತ್ತಾನೆ, ಚಚ್ಚುವುದಕ್ಕೆಂದೇ. ಒಳಗೆ ಸಿಕ್ಕಿಬಿದ್ದ ಹುಡುಗ ಕೈಗೆ ಸಿಕ್ಕಿದ್ದು ಎಸೆಯುವುದಕ್ಕೂ, ಕರೆದು ತಂದು ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಮುಖ ಮುಚ್ಚಿಕೊಳ್ಳುವುದು ಅದಕ್ಕೇ.

ಹಾಗೆಂದು ಎರಡನೆಯದನ್ನು ಪೂರ್ತಿ ಬಿಡಬೇಕಿಲ್ಲ. ಪ್ಲಾಜಾ ಹೋಟೆಲಿನ ಭಾಗ ಸೊಗಸಾಗಿದೆ. ಹೋಟೆಲ್ ಸಿಬ್ಬಂದಿಯಾಗಿ ಟಿಮ್ ಕರಿ ಹಲ್ಲು ಕಿರಿಯುವ ಒಂದೊಂದು ಸಲವೂ ನಗು ಗ್ಯಾರಂಟಿ. ರೂಮ್ ಸರ್ವಿಸ್ ಬಿಲ್ಲು 967 ಡಾಲರ್ ಎಂದು ಅಪ್ಪ ಕಿರುಚುವ ಮುಕ್ತಾಯ ಮೊದಲನೆಯದರ ಮುಕ್ತಾಯಕ್ಕಿಂತ ಚುರುಕು. ಮೊದಲನೆಯದನ್ನು ಈ ರಜೆಗೆ ನೋಡಿ, ಎರಡನೆಯದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಒಂಬತ್ತರೊಳಗಿನ ಮಕ್ಕಳಿದ್ದರೆ ನಲ್ಲಿಯ ದೃಶ್ಯ, ಹಗ್ಗದ ದೃಶ್ಯ ಎರಡನ್ನೂ ತೋರಿಸದೆ ಮುಂದಕ್ಕೆ ಓಡಿಸಿಬಿಡಿ. ಸ್ವಿಚ್ಚು, ಸೀಮೆಎಣ್ಣೆ ಕೈಗೆ ಸಿಗುವ ಮನೆಯಲ್ಲಿ ಅನುಕರಣೆ ಬೇಡ.

ಹೆಸರು ನೋಡಿ ಮೋಸ ಹೋಗುವುದು ಮುಂದಿನ ಭಾಗಗಳಲ್ಲಿ. 1997ರ ಮೂರನೆಯದನ್ನೂ ಬರೆದದ್ದು ಹ್ಯೂಸ್ ಅವರೇ, ಆದರೆ ಅದರಲ್ಲಿ ಕೆವಿನ್ ಇಲ್ಲ. ಸೀತಾಳೆ ಸಿಡುಬಾಗಿ ಮೈಮೇಲೆ ಗುಳ್ಳೆ ಎದ್ದು ಮನೆಯಲ್ಲಿ ಉಳಿದ ಅಲೆಕ್ಸ್ ಎಂಬ ಹುಡುಗ, ಆಟದ ಕಾರಿನೊಳಗಿನ ಚಿಪ್ಪಿಗಾಗಿ ಬರುವ ನಾಲ್ವರು ಗೂಢಚಾರರು. 2002ರ ನಾಲ್ಕನೆಯದು ಟಿವಿಗೆಂದೇ ಮಾಡಿದ್ದು. ಕೆವಿನ್, ಮಾರ್ವ್ ಎಂಬ ಹೆಸರುಗಳಿವೆ, ನಟರು ಬೇರೆ. ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ ಎಂಬ ಸಂಗತಿಯೂ ಅದರಲ್ಲಿದೆ. ಮಕ್ಕಳ ಪಕ್ಕ ಕೂತು ವಿವರಿಸಲು ಸಿದ್ಧರಿದ್ದರೆ ನಿಮ್ಮಿಷ್ಟ. 2012ರಲ್ಲಿ ಇನ್ನೊಂದು ಟಿವಿ ಚಿತ್ರ. 2021ರದರಲ್ಲಿ ಮನೆಗೆ ನುಗ್ಗುವವರು ಕಳ್ಳರೇ ಅಲ್ಲ, ತಮ್ಮ ಬೆಲೆಬಾಳುವ ಗೊಂಬೆಯನ್ನು ಹುಡುಗ ಕದ್ದಿದ್ದಾನೆ ಎಂದುಕೊಂಡ, ಸ್ವಂತ ಮನೆ ಮಾರುವ ಸ್ಥಿತಿಗೆ ಬಂದ ಗಂಡ ಹೆಂಡತಿ. ಅವರು ಏಟು ತಿನ್ನುವಾಗ ಯಾರ ಪರ ನಗಬೇಕೋ ತಿಳಿಯದು. ಅದರಲ್ಲಿ ಬಜ್ ಪೊಲೀಸ್ ಆಗಿ ಒಂದೆರಡು ನಿಮಿಷ ಬಂದು ಹೋಗುತ್ತಾನೆ. ಹಳಬರಿಗೆ ಖುಷಿ ಕೊಡುವುದು ಅಷ್ಟು ಮಾತ್ರ.

ಪಟ್ಟಿಯಲ್ಲಿ ಆರೂ ಒಟ್ಟಿಗೆ ಕಾಣಿಸಿದರೆ ಕಲ್ಕಿನ್ ಹೆಸರು ಇದೆಯಾ ನೋಡಿ, ಇಲ್ಲದಿದ್ದರೆ ಮುಂದೆ ಹೋಗಿ. ಒಂದು ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುವ ಸೆಟ್ಟಿಂಗ್ ಇದ್ದರೆ ಅದನ್ನು ಮೊದಲೇ ಆಫ್ ಮಾಡಿ ಕೂತುಕೊಳ್ಳಿ.