ಬಾರ್ತೋಕ್ ಹಾಡುಗಳು: ಎಲ್‌ಪಿ, ಸಿಡಿ, ಮೊಬೈಲ್ ಮೂರರಲ್ಲೂ ಕೇಳಿ ನೋಡಿದೆ

ಹಂಗೇರಿಯ ಸಂಗೀತ ಸಂಯೋಜಕ ಬೇಲಾ ಬಾರ್ತೋಕ್ 1935-36ರಲ್ಲಿ 27 ಪುಟ್ಟ ಹಾಡುಗಳನ್ನು ಬರೆದ. ಪದಗಳು ಹಂಗೇರಿಯ ಹಳ್ಳಿಗರವು, ಸ್ವರ ಅವನದು. ಒಟ್ಟು ಎಂಟು ಭಾಗ. ಮೊದಲ ಆರು ಮಕ್ಕಳ ಗುಂಪಿಗೆ, ಕೊನೆಯ ಎರಡು ಹೆಂಗಸರ ಗುಂಪಿಗೆ. ಎರಡು ಅಥವಾ ಮೂರು ದನಿಗಳ ಎಳೆ, ಅಷ್ಟೇ. ಕೆಲವಕ್ಕೆ ಆಮೇಲೆ ವಾದ್ಯ ಸೇರಿಸಿದನಾದರೂ, ನನಗಿಷ್ಟ ಬರೀ ಕಂಠದವೇ.

ಗೆಳೆಯನೊಬ್ಬ ಬುಡಾಪೆಸ್ಟ್‌ನಿಂದ ಇದರ ಹಳೆಯ ಎಲ್‌ಪಿ ತಂದುಕೊಟ್ಟ, ಹಂಗರೋಟನ್ ಅನ್ನುವ ಹಂಗೇರಿಯ ಕಂಪನಿ ಹೊರತಂದ ಗ್ರಾಮಫೋನ್ ತಟ್ಟೆ. ಹಾಡಿದವರು ಜ್ಯೋರ್ ಊರಿನ ಹೆಣ್ಣುಮಕ್ಕಳ ತಂಡ, ನಡೆಸಿದವರು ಮಿಕ್ಲೋಶ್ ಸಾಬೋ. ಬುಡಾಪೆಸ್ಟ್‌ಗೂ ವಿಯೆನ್ನಾಗೂ ನಡುವೆ ಇರುವ ಊರದು. ಅದೇ ತಂಡದ ಸಿಡಿ ನನ್ನ ಹತ್ತಿರ ಮೊದಲೇ ಇತ್ತು. ಮೊಬೈಲ್‌ನಲ್ಲಂತೂ ಹುಡುಕಿದರೆ ಸಿಗುತ್ತದೆ. ಮೂರನ್ನೂ ಒಂದು ವಾರ ತಿರುಗಿಸಿ ತಿರುಗಿಸಿ ಕೇಳಿದೆ.

ಮೊದಲು ಎಲ್‌ಪಿ. ಹಾಕಿದ ತಕ್ಷಣ ಖುಷಿಯಾಯಿತು, ದನಿಗಳು ಚುರುಕಾಗಿ ಹೊಳೆಯುತ್ತಿದ್ದವು. ಎಲ್‌ಪಿ ಅಂದರೆ ಹೀಗಪ್ಪಾ ಅಂದುಕೊಂಡೆ. ಆಮೇಲೆ ಸಿಡಿ ಹಾಕಿದರೆ ಅದೇ ಹಾಡು ಮಂಕು, ನಿಧಾನ. ಏನೋ ಸರಿಯಿಲ್ಲ ಅನ್ನಿಸಿತು. ಫೋನ್‌ನ ಶ್ರುತಿಪೆಟ್ಟಿಗೆ ಹಚ್ಚಿ ಸಿಡಿಗೆ ಹೊಂದಿಸಿದೆ, ಮತ್ತೆ ಎಲ್‌ಪಿ ಹಾಕಿದೆ. ಶ್ರುತಿ ಹೊರಗೆ! ಸುಮಾರು ಅರ್ಧ ಸ್ವರಸ್ಥಾನ ಮೇಲೆ.

ತಪ್ಪು ತಂಡದ್ದಲ್ಲ, ನನ್ನ ಪ್ಲೇಯರ್‌ದು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಪರೀಕ್ಷೆ ಸುಲಭ: 180 ಗೆರೆ ಇರುವ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು, ಹಳೇ ಕಾಲದ ಬಲ್ಬ್ ಬೆಳಕಲ್ಲಿ ನೋಡಬೇಕು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ನನ್ನವು ಮುಂದಕ್ಕೆ ಜಾರುತ್ತಿದ್ದವು. ಹತ್ತಿರಹತ್ತಿರ ಶೇಕಡಾ 3 ಜಾಸ್ತಿ. ಕೆಳಗಿನ ತಿರುಪು ಸ್ವಲ್ಪ ತಿರುಗಿಸಿದೆ, ಹೊಳಪೆಲ್ಲ ಇಳಿದುಹೋಯಿತು. ನಾನು ಮೆಚ್ಚಿಕೊಂಡಿದ್ದು ಎಲ್‌ಪಿಯನ್ನಲ್ಲ, ಅವಸರವನ್ನು! ವರ್ಷಗಟ್ಟಲೆ ಈ ಪ್ಲೇಯರ್‌ನಲ್ಲಿ ಏನೇನೋ ಕೇಳಿದ್ದೆ, ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ವೇಗ ಸರಿಹೋದ ಮೇಲೂ ಎಲ್‌ಪಿಗೆ ಇನ್ನೊಂದು ಕಷ್ಟ ಉಳಿಯಿತು. ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹಾಡು ಕೊರೆದ ಗೆರೆ ಓಡುತ್ತದೆ. ಒಳಗೆ, ಲೇಬಲ್ ಹತ್ತಿರ, ಬರೀ 20ರ ಆಸುಪಾಸು. ಅಷ್ಟು ಇಕ್ಕಟ್ಟಿನಲ್ಲಿ ಮೇಲಿನ ಸ್ಥಾಯಿಯ ಹೆಣ್ಣು ದನಿ, ಅದರಲ್ಲೂ ಹಂಗೇರಿಯನ್ ಭಾಷೆಯ ಶ, ಚ, ಸಗಳ ಸುರಿಮಳೆ. ಪ್ರತಿ ಬದಿಯ ಕೊನೆಯ ಹಾಡುಗಳಲ್ಲಿ ಈ ಅಕ್ಷರಗಳೆಲ್ಲ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಹಾಡು ಹಾಡಿನ ನಡುವಿನ ಮೌನದಲ್ಲಿ ಧೂಳಿನ ಸದ್ದು ಬೇರೆ. ಡ್ರಮ್ಸ್, ಗಿಟಾರ್ ಇದ್ದರೆ ಇದೆಲ್ಲ ಮುಚ್ಚಿಹೋಗುತ್ತಿತ್ತು. ಇಲ್ಲಿ ಮುಚ್ಚೋಕೆ ಏನೂ ಇಲ್ವಲ್ಲ.

ಸಿಡಿಯಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಎರಡು ದನಿ ಪಕ್ಕಪಕ್ಕದ ಸ್ವರಗಳಲ್ಲಿ ಉಜ್ಜಿಕೊಳ್ಳುವ ಜಾಗಗಳು ಬಾರ್ತೋಕ್‌ನಲ್ಲಿ ಬಹಳ. ಅಲ್ಲಿ ಸಿಡಿ ಎರಡನ್ನೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಹಾಡುವವರ ದನಿ ನಡುಗುವುದಿಲ್ಲ, ನೇರವಾಗಿ ಸ್ವರದ ಮೇಲೇ ಕೂರುತ್ತದೆ. ಇದರ ಹಿಂದೆ ಹಂಗೇರಿಯ ಇನ್ನೊಬ್ಬ ಸಂಯೋಜಕ ಜೊಲ್ತಾನ್ ಕೊದಾಯ್ ಹಾಕಿದ ಶಾಲಾ ಸಂಗೀತದ ಅಡಿಪಾಯ ಇದೆ. ಆ ಪಾಠದಲ್ಲಿ 'ದೊ' ಅನ್ನುವ ಮೊದಲ ಸ್ವರ ಒಂದೇ ಕಡೆ ನಿಲ್ಲುವುದಿಲ್ಲ, ನಮ್ಮ ಷಡ್ಜದ ಹಾಗೆ ಬೇಕಾದ ಶ್ರುತಿಗೆ ಸರಿಯುತ್ತದೆ. ಪಿಯಾನೊ ಆಸರೆ ಇಲ್ಲದೆ ಇಷ್ಟು ಕರಾರುವಾಕ್ಕಾಗಿ ಹಾಡುವುದು ಹೇಗೆ ಅಂತ ನನಗೆ ಅರ್ಥವಾದದ್ದು ಸಿಡಿಯಲ್ಲೇ.

ಮೊಬೈಲ್ ಬಗ್ಗೆ ಹೇಳುವುದು ಕಡಿಮೆ. ಸದ್ದು ಚೆನ್ನಾಗಿಯೇ ಇದೆ. ಆದರೆ ಒಂದೊಂದು ಹಾಡು ಒಂದೆರಡು ನಿಮಿಷದ್ದು. ಹಿಂದಿನ ಹಾಡು ಮುಗಿಯುವ ಮೊದಲೇ ಮುಂದಿನದು ಶುರುವಾಗುವ ಸೆಟ್ಟಿಂಗ್ ನನ್ನ ಫೋನ್‌ನಲ್ಲಿ ಆನ್ ಇತ್ತು. ರೊಟ್ಟಿ ಬೇಯಿಸುವ ಹಾಡಿನ ಬಾಲಕ್ಕೆ ಬೇರೊಂದು ಹಾಡಿನ ತಲೆ! ಅದನ್ನು ಆಫ್ ಮಾಡಿದರೂ ಪದಗಳು ಎಲ್ಲೂ ಇರಲಿಲ್ಲ.

ಎಲ್‌ಪಿ ಮತ್ತೆ ನೆನಪಾದದ್ದು ಆ ಪದಗಳಿಗಾಗಿ. ಕವರ್ ಒಳಗೆ ಅಗಲವಾದ ಹಾಳೆ ಇದೆ. ಎಡಕ್ಕೆ ಹಂಗೇರಿಯನ್, ಪಕ್ಕದಲ್ಲೇ ಇಂಗ್ಲಿಷ್, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರ. ನನ್ನ ಸಿಡಿಯ ಪುಟ್ಟ ಪುಸ್ತಕಕ್ಕೆ ಭೂತಗನ್ನಡಿ ಬೇಕು. ಹೊಸದಾಗಿ ಕೊಳ್ಳುವವರು ಸಿಡಿಯನ್ನೇ ಕೊಳ್ಳಿ, ಎಲ್‌ಪಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ನನ್ನ ಮನೆಯಲ್ಲಿ ಈಗ ಎಲ್‌ಪಿಯ ಹಾಳೆ ಸಿಡಿ ಪ್ಲೇಯರ್ ಪಕ್ಕದಲ್ಲಿದೆ. ತಟ್ಟೆ ಹೊರಬರುವುದು ಪ್ರತಿ ಬದಿಯ ಮೊದಲ ಮೂರ್ನಾಲ್ಕು ಹಾಡಿಗೆ ಮಾತ್ರ.