ಪತ್ತೇದಾರಿಗೆ ಕಾಗದ, ಥ್ರಿಲ್ಲರಿಗೆ ಇಯರ್‌ಫೋನ್

ಹಾಸನದ ನಮ್ಮ ಬೀದಿಯಲ್ಲಿ ಕಾದಂಬರಿ ಕೊಟ್ಟು ತರುವ ವ್ಯವಹಾರ ನನ್ನದು. ಮೊದಲೆಲ್ಲ ಯಾರಿಗೆ ಯಾವ ಕತೆ ಹಿಡಿಸೀತು ಎಂದಷ್ಟೇ ಯೋಚಿಸಿದರೆ ಸಾಕಿತ್ತು. ಈಗ ಅದನ್ನು ಪುಸ್ತಕವಾಗಿ ಕೊಡಲೋ, ಫೋನಿನಲ್ಲಿ ಓದಿ ಎನ್ನಲೋ, ಕೇಳಿ ಎನ್ನಲೋ ಎಂಬುದನ್ನೂ ಯೋಚಿಸಬೇಕು. 2020ರಲ್ಲಿ ಮೈಲ್ಯಾಂಗ್ ಎಂಬ ಆ್ಯಪ್ ಶುರುವಾದ ಮೇಲೆ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಒಂದೇ ಕಡೆ ಸಿಗುತ್ತವೆ. ಮೂರನ್ನೂ ಮಳೆಗಾಲ ಪೂರ್ತಿ ಪ್ರಯೋಗಿಸಿ ನೋಡಿದೆ. ಪತ್ತೇದಾರಿಗೆ ಒಗ್ಗಿದ್ದು ಥ್ರಿಲ್ಲರಿಗೆ ಒಗ್ಗುವುದಿಲ್ಲ, ಹೆಂಗಸರ ಕಾದಂಬರಿಯ ಲೆಕ್ಕ ಇನ್ನೂ ಬೇರೆ.

ಪತ್ತೇದಾರಿಗೆ ಕಾಗದವೇ. ಕೊಲೆಗಾರ ಯಾರೆಂದು ಹುಡುಕುವ ಕತೆಯಲ್ಲಿ ಓದುಗ ಹಿಂದಕ್ಕೆ ಹೋಗಲೇಬೇಕು. ಕಿಟಕಿ ಮುಚ್ಚಿತ್ತು ಅಂತ ಅಡುಗೆಯವನು ಹೇಳಿದ್ದು ಎಲ್ಲಿ, ತೆರೆದಿತ್ತು ಅಂತ ಅಳಿಯ ಹೇಳಿದ್ದು ಎಲ್ಲಿ? ಪುಸ್ತಕವಾದರೆ ಎಡಗಡೆ ಪುಟದ ಕೆಳಗೆ ಎಲ್ಲೋ ಇತ್ತು ಎಂಬ ನೆನಪೇ ಸಾಕು, ಬೆರಳು ಅಲ್ಲಿಗೆ ಹೋಗುತ್ತದೆ. ಆಡಿಯೋದಲ್ಲಿ ಇದು ಆಗದ ಕೆಲಸ. ಹತ್ತು ಸೆಕೆಂಡು, ಮತ್ತೆ ಹತ್ತು ಸೆಕೆಂಡು ಹಿಂದಕ್ಕೆ ಒತ್ತುತ್ತಾ ಕೂತರೆ ಅಡುಗೆಯವನೂ ಸಿಗುವುದಿಲ್ಲ, ಅಳಿಯನೂ ಸಿಗುವುದಿಲ್ಲ.

ಇ-ಪುಸ್ತಕದಲ್ಲಿ ಹುಡುಕುವ ಸೌಕರ್ಯ ಇದೆಯಲ್ಲ ಎನ್ನಬಹುದು. ಆ ಸೌಕರ್ಯವೇ ಪತ್ತೇದಾರಿಗೆ ಶತ್ರು. ಅರ್ಧ ಓದಿ ಒಂದು ಪಾತ್ರದ ಹೆಸರು ಕೊಟ್ಟು ಹುಡುಕಿದರೆ, ಮುಂದಿನ ಅಧ್ಯಾಯಗಳಲ್ಲಿ ಆ ಹೆಸರು ಬರುವ ಸಾಲುಗಳೂ ಸಾಲಾಗಿ ಎದುರು ನಿಲ್ಲುತ್ತವೆ. ಕಾಣೆಯಾದವನು ಬದುಕಿದ್ದಾನೆ ಎಂಬುದು ಅಲ್ಲೇ ಗೊತ್ತಾಗಿಹೋಗುತ್ತದೆ. ಇನ್ನು ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾವಾರು. ಶೇ 60ರ ಹೊತ್ತಿಗೆ ಪೊಲೀಸರು ಯಾರನ್ನೋ ಹಿಡಿದರೆ ಅವನು ಅಮಾಯಕನೇ ಎಂದು ಹೇಳಲು ಪತ್ತೇದಾರನೇ ಬೇಕಿಲ್ಲ. ಕಾಗದದಲ್ಲೂ ಉಳಿದ ಪುಟಗಳ ದಪ್ಪ ಇದನ್ನೇ ಹೇಳುತ್ತದೆ, ನಿಜ. ಆದರೆ ಅದು ಕಣ್ಣಿಗೆ ಅಂಕಿ ಹಿಡಿದು ಚುಚ್ಚುವುದಿಲ್ಲ.

ಕಾಗದಕ್ಕೆ ಇರುವ ಅಪಾಯ ಒಂದೇ, ಹಿಂದೆ ಓದಿದವರು. 500ಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಕಾಲದಿಂದಲೂ ಬಾಡಿಗೆ ಪುಸ್ತಕ ಕಂಡವರಿಗೆ ಇದು ಗೊತ್ತು. ಎರಡನೇ ಅಧ್ಯಾಯದಲ್ಲೇ ಒಂದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ, ಪಕ್ಕದಲ್ಲಿ ‘ಇವನೇ’. ಅಂಥವರ ಕೈಗೆ ಪೆನ್ಸಿಲ್ ಕೊಟ್ಟವರಾರೋ!

ಥ್ರಿಲ್ಲರಿನಲ್ಲಿ ಆಟವೇ ಬೇರೆ. ಇಲ್ಲಿ ಹಿಂದೆ ನೋಡುವ ಕೆಲಸ ಕಡಿಮೆ, ಮುಂದೇನು ಎಂಬುದೇ ಎಲ್ಲ. ನನ್ನ ಕಣ್ಣಿಗೆ ತಾಳ್ಮೆ ಇಲ್ಲ. ಪುಟ ತಿರುಗಿಸಿದ ಕೂಡಲೇ ಕೊನೆಯ ಸಾಲಿಗೆ ಓಡುತ್ತದೆ. ಕಿವಿ ಹಾಗೆ ಓಡಲಾರದು, ಹೇಳುವವರು ಹೇಳಿದಾಗಲೇ ಕೇಳಬೇಕು. ನಮ್ಮ ಅತ್ತಿಗೆ ಯಾವ ಕಾದಂಬರಿ ಕೊಟ್ಟರೂ ಕೊನೆಯ ಪುಟ ಓದಿಯೇ ಮೊದಲನೆಯದಕ್ಕೆ ಬರುವವರು. “ಸುಖಾಂತ್ಯ ಇಲ್ದಿದ್ರೆ ನಾನ್ಯಾಕೆ ಅಷ್ಟೊಂದು ಓದ್ಲಿ ಹೇಳು” ಅನ್ನುತ್ತಾರೆ. ಆಡಿಯೋ ಹಾಕಿಕೊಟ್ಟ ಮೇಲೆ ದಾರಿಗೆ ಬಂದಿದ್ದಾರೆ. ತತ್ತ್ವ ಬದಲಾಗಿದೆ ಅಂತಲ್ಲ, ಫೋನಿನಲ್ಲಿ ಕೊನೆಗೆ ಹಾರುವುದು ಹೇಗೆಂದು ನಾನು ಹೇಳಿಕೊಟ್ಟಿಲ್ಲ.

ಓದುವ ದನಿಯ ಮೇಲೆ ಮಾತ್ರ ಎಲ್ಲ ನಿಂತಿದೆ. ಒಂದು ಥ್ರಿಲ್ಲರಿನಲ್ಲಿ ರಾತ್ರಿ ಫೋನ್ ಮಾಡಿ ಬೆದರಿಸುವ ಅನಾಮಿಕನಿಗೂ ಮನೆಗೆ ಬಂದು ಕಾಫಿ ಕುಡಿಯುವ ಡಾಕ್ಟರಿಗೂ ಒಂದೇ ಗೊಗ್ಗರು ದನಿ ಕೊಟ್ಟಿದ್ದರು. ಲೇಖಕರು ಕೊನೆಯವರೆಗೂ ಮುಚ್ಚಿಟ್ಟಿದ್ದು ಮೊದಲ ಗಂಟೆಯಲ್ಲೇ ಬಯಲು. ಅದಕ್ಕೇ ಯಾರಿಗಾದರೂ ಹೇಳುವ ಮೊದಲು ಉಚಿತವಾಗಿ ಸಿಗುವ ತುಣುಕನ್ನು ಕೇಳಿಸಿಕೊಳ್ಳುತ್ತೇನೆ. ಎಲ್ಲ ಪಾತ್ರಕ್ಕೂ ದನಿ ಬದಲಿಸುವವರಿಗಿಂತ ನೆಟ್ಟಗೆ ಓದಿಕೊಂಡು ಹೋಗುವವರೇ ವಾಸಿ.

ಇನ್ನೊಂದು ಮಾತು, ರೈಲಿನಲ್ಲಿ ಮಂಗಳೂರು ಕಡೆ ಹೋಗುವವರಿಗೆ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಮುಟ್ಟುವಷ್ಟರಲ್ಲಿ 57 ಸುರಂಗಗಳಿವೆ. ನೆಟ್‌ವರ್ಕ್ ನಂಬಿ ಕೂತರೆ ನಾಯಕಿ ಬಾಗಿಲು ತೆಗೆಯುವಲ್ಲಿಗೆ ಕತೆ ನಿಂತುಬಿಡುತ್ತದೆ.

ಎಲ್ಲ ಥ್ರಿಲ್ಲರೂ ಕಿವಿಗೆ ಹೊಂದುವುದಿಲ್ಲ. ಪಕ್ಕದ ಮೂಡಿಗೆರೆಯ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಒಂದು ಹಗಲು ರಾತ್ರಿಯೊಳಗೆ ಓಡಿ ಮುಗಿಯುವ ಕತೆ, ಯಾರಾದರೂ ಓದಿ ಹೇಳಿದರೆ ಮಜವಾಗಿರುತ್ತದೆ. ಕೆ.ಎನ್. ಗಣೇಶಯ್ಯನವರದು ಹಾಗಲ್ಲ. ಇತಿಹಾಸದ ಆಧಾರ, ಅಡಿಟಿಪ್ಪಣಿ, ಚಿತ್ರಗಳನ್ನು ಕತೆಯ ಜೊತೆಗೇ ಇಡುವ ಅವರನ್ನು ಕಣ್ಣಲ್ಲೇ ಓದಬೇಕು. ಫೋನಿನ ಪುಟ್ಟ ಪರದೆಯೂ ಅದಕ್ಕೆ ಸಾಲದು.

ಹೆಂಗಸರ ಬದುಕಿನ ಕಾದಂಬರಿಗಳಿಗೆ ಫೋನೇ ಸಲೀಸು ಎಂದುಕೊಂಡಿದ್ದವರು ನಮ್ಮಲ್ಲಿ ಹೆಚ್ಚು. ಕಂತಿನ ಆ್ಯಪ್‌ಗಳಲ್ಲಿ ದಿನಕ್ಕೊಂದು ಅಧ್ಯಾಯ, ಕೆಳಗೆ ಓದುಗರ ಜಗಳ. ಮೊದಲ ವಾರ ರುಚಿಸುತ್ತದೆ. ಆಮೇಲೆ ಸೊಸೆ ಒಂದು ಲೋಟ ನೀರು ತರಲು ಮೂರು ಕಂತು ಹಿಡಿದಾಗ ನನಗೆ ಸಾಕಾಯಿತು. ಅಮ್ಮ ಅದನ್ನು ಮುಟ್ಟಲೇ ಇಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಅವರೆಕಾಯಿ ಸುಲಿಯುತ್ತಾ ಕೇಳುತ್ತಾರೆ. ಮಾತುಕತೆಯೇ ಹೆಚ್ಚಿರುವ ಸಂಸಾರದ ಕಾದಂಬರಿ ಕೇಳುವುದಕ್ಕೆ ಬಲು ಚೆನ್ನ. ನಡುವೆ ಎದ್ದು ಹಾಲು ಇಳಿಸಿ ಬಂದರೂ ಎಳೆ ತಪ್ಪುವುದಿಲ್ಲ.

ಆದರೆ ಬಾನು ಮುಷ್ತಾಕ್ ಅವರನ್ನು ಹಾಗೆ ಕೆಲಸದ ನಡುವೆ ಕೇಳಲು ನನ್ನಿಂದಾಗದು. ಅವರ 12 ಕತೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಿಸಿದ ದೀಪಾ ಭಾಸ್ತಿಯವರ ಜೊತೆಗೆ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗಿನಿಂದ ‘ನಮ್ಮ ಹಾಸನದವರದ್ದು ಕೊಡಿ’ ಎಂದು ಕೇಳುವವರು ಬರುತ್ತಿದ್ದಾರೆ. ಅಚ್ಚಿನ ಪುಸ್ತಕವನ್ನೇ ಕೊಡುತ್ತೇನೆ, ಒಂದು ದಿನಕ್ಕೆ ಒಂದೇ ಕತೆ ಎಂಬ ಕರಾರಿನ ಮೇಲೆ. ನಗಿಸುತ್ತಲೇ ಗಂಟಲು ಹಿಡಿಯುವ ಕತೆಗಳವು. ಒಂದು ಮುಗಿದ ಮೇಲೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆಡಿಯೋ ಆದರೆ ತಾನೇ ಮುಂದಿನ ಕತೆಗೆ ಹೋಗಿಬಿಡುತ್ತದೆ.

ಇ-ಪುಸ್ತಕವನ್ನು ಪೂರ್ತಿ ಬಿಟ್ಟಿಲ್ಲ. ದೂರದೂರಿನಲ್ಲಿರುವ ತಂಗಿಗೆ ಪುಸ್ತಕ ಕಳಿಸುವ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ, ಅವಳಿಗೆ ಅದೇ. ರಾತ್ರಿ ಕರೆಂಟ್ ಹೋದಾಗ ನನಗೂ ಅದೇ. ಪತ್ತೇದಾರಿಯೊಂದನ್ನು ಬಿಟ್ಟು.